ಖಾಲಿ ಸಮುದ್ರಕ್ಕೆ ಕಾವಲು

ನಡುಮನೆಯ ಮೂಲೆಯಲ್ಲಿ ಒಂದು ಗಾಜಿನ ಟ್ಯಾಂಕ್ ಇದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಅದರಲ್ಲಿ ಉಪ್ಪುನೀರು, ಬಿಳಿ ಮರಳು, ನಾಲ್ಕು ಕಲ್ಲು. ಶುರುವಿನಲ್ಲಿ ಅಷ್ಟೇ ಇದ್ದದ್ದು. ಮನೆಗೆ ಬಂದವರು ಬಗ್ಗಿ ನೋಡುತ್ತಿದ್ದರು. ಆಚೆ ಬದಿಗೆ ಹೋಗಿ ಅಲ್ಲಿಂದಲೂ ಒಮ್ಮೆ ನೋಡುತ್ತಿದ್ದರು. ಆಮೇಲೆ ಮರ್ಯಾದೆಗೆ ಕೇಳುತ್ತಿದ್ದರು, "ಮೀನು ಕಲ್ಲಿನ ಹಿಂದೆ ಅವಿತುಕೊಂಡಿರಬೇಕು ಅಲ್ವಾ?"

"ಮೀನಿಲ್ಲ," ಅನ್ನುತ್ತಿದ್ದೆ.

"ಮತ್ತೆ ಏನಿದೆ?"

"ಬ್ಯಾಕ್ಟೀರಿಯಾ."

ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಈಗ ಆರನೇ ತಿಂಗಳು. ಎರಡು ಮೀನು ಬಂದಿವೆ. ಒಂದಷ್ಟು ಬಸವನಹುಳುಗಳಿವೆ. ಹವಳ ಮಾತ್ರ ಇನ್ನೂ ಬಂದಿಲ್ಲ. ಹವಳ ಸಾಕಬೇಕು ಅಂತಲೇ ಶುರು ಮಾಡಿದ ಟ್ಯಾಂಕ್ ಇದು. ಬಂದ ಮೇಲೆ ಬರೆಯೋಣ ಅಂದುಕೊಂಡಿದ್ದೆ. ಆದರೆ ನನ್ನ ಬುದ್ಧಿ ನನಗೆ ಗೊತ್ತು. ಹವಳ ಬಂತೆಂದರೆ ಬರೀ ಫೋಟೋ ಹಾಕಿ ಮೆರೆಯುತ್ತೇನೆ. ಈ ಆರು ತಿಂಗಳಲ್ಲಿ ಮಾಡಿದ ಅವಾಂತರಗಳು ಮರೆತೇ ಹೋಗುತ್ತವೆ. ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ.

ಇದಕ್ಕೆ ಮೊದಲು ಹತ್ತು ವರ್ಷ ಸಿಹಿನೀರಿನ ಮೀನು ಸಾಕಿದ್ದೆ. ಗಪ್ಪಿ, ಮೋಲಿ, ಕೊನೆಕೊನೆಗೆ ಒಂದು ಮುದಿ ಗೋಲ್ಡ್‌ಫಿಷ್. ಅವು ತುಂಬಾ ಸಹಿಸಿಕೊಳ್ಳುವ ಜೀವಗಳು. ಕೆರೆ, ಕಾಲುವೆಗಳು ಮಳೆ ಬಂದರೆ ತುಂಬುತ್ತವೆ, ಬಿಸಿಲಿಗೆ ಬತ್ತುತ್ತವೆ. ಅಲ್ಲಿ ಹುಟ್ಟಿದವಕ್ಕೆ ಏರುಪೇರು ಹೊಸದೇನಲ್ಲ. ಸಮುದ್ರದ ಜೀವಿಗಳದ್ದು ಬೇರೆಯೇ ಕಥೆ. ತೆರೆದ ಸಮುದ್ರದಲ್ಲಿ ಒಂದು ಕೆಜಿ ನೀರಿಗೆ ಸುಮಾರು 35 ಗ್ರಾಂ ಉಪ್ಪು. ನಿನ್ನೆಯೂ ಅಷ್ಟೇ, ನಾಳೆಯೂ ಹೆಚ್ಚುಕಡಿಮೆ ಅಷ್ಟೇ. ಸಮುದ್ರ ದೊಡ್ಡದು. ಯಾರು ಏನು ಸುರಿದರೂ ಅದಕ್ಕೆ ಬೇಗ ಗೊತ್ತಾಗುವುದಿಲ್ಲ. ನನ್ನ ಟ್ಯಾಂಕಿನಲ್ಲಿ ಕಲ್ಲು, ಮರಳು ಕಳೆದರೆ ಇರುವುದು 160 ಲೀಟರ್ ನೀರು. ಅದಕ್ಕೆ ಎಲ್ಲವೂ ಗೊತ್ತಾಗುತ್ತದೆ.

ಹೊಸಬರು ಮೊದಲು ಎಡವುವುದು ಇಲ್ಲೇ. ಸಣ್ಣ ಟ್ಯಾಂಕಿನಿಂದ ಶುರು ಮಾಡಿ, ಕೈ ಪಳಗಿದ ಮೇಲೆ ದೊಡ್ಡದು ತರೋಣ ಅಂತ ಯಾರಿಗಾದರೂ ಅನಿಸುತ್ತದೆ. ಉಪ್ಪುನೀರಿನಲ್ಲಿ ಲೆಕ್ಕ ತಿರುಗುಮುರುಗು. 20 ಲೀಟರ್ ನೀರಿನಲ್ಲಿ ಒಂದು ಹುಳು ಸತ್ತರೂ ನೀರು ಕೆಡುತ್ತದೆ. 200 ಲೀಟರ್‌ನಲ್ಲಿ ಅದು ಸುದ್ದಿಯೇ ಅಲ್ಲ. ಹಾಗಂತ ಸಿಕ್ಕಾಪಟ್ಟೆ ದೊಡ್ಡದು ತಂದರೆ ಭಾರದ ಚಿಂತೆ. ನನ್ನ ಟ್ಯಾಂಕೇ ನೀರು, ಕಲ್ಲು, ಗಾಜು ಎಲ್ಲ ಸೇರಿ ಎರಡು ಕ್ವಿಂಟಲ್ ದಾಟುತ್ತದೆ. ಅದನ್ನು ಹೊರುವ ಸ್ಟ್ಯಾಂಡ್ ಒಂದು ಕೂದಲೆಳೆಯಷ್ಟೂ ವಾಲಬಾರದು. ನೀರು ತುಂಬಿಸಿದ ಮೇಲೆ "ಸ್ವಲ್ಪ ಎಡಕ್ಕೆ ಸರಿಸಿದರೆ ಚೆನ್ನಾಗಿತ್ತು" ಅನ್ನುವ ಮಾತೇ ಇಲ್ಲ. ನನ್ನ ಹೆಂಡತಿ ಅದನ್ನು ಅಂದಳು. ಆ ವಿಷಯ ಇಲ್ಲಿಗೇ ಬಿಡೋಣ.

ನೀರಿನ ಕಥೆ ಹೇಳುತ್ತೇನೆ. ನಲ್ಲಿ ನೀರು ನಡೆಯುವುದಿಲ್ಲ. ಅದರಲ್ಲಿ ಕ್ಲೋರಿನ್ ಇರುತ್ತದೆ. ಫಾಸ್ಫೇಟ್, ಸಿಲಿಕೇಟ್ ಇರಬಹುದು. ಹಳೆಯ ಪೈಪಿನಿಂದ ಬಂದ ತಾಮ್ರವೂ ಇರಬಹುದು. ತಾಮ್ರ ನಮಗೆ ಏನೂ ಅನ್ನಿಸದಷ್ಟು ಕಡಿಮೆ ಇದ್ದರೂ ಸಿಗಡಿ, ಬಸವನಹುಳು, ಹವಳಗಳಿಗೆ ಅದು ವಿಷ. ಅದಕ್ಕೇ ಆರ್‌ಓ ಫಿಲ್ಟರ್ ಸಾಲದು. ಅದರ ನಂತರ ಡಿಐ ರಾಳದ, ಅಂದರೆ ಉಳಿದ ಲವಣಗಳನ್ನೂ ಹಿಡಿದಿಡುವ ಹರಳುಗಳ, ಇನ್ನೊಂದು ಕೊಳವೆ ಬೇಕು. ನೀರಿನಲ್ಲಿ ಕರಗಿರುವುದನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಸೊನ್ನೆ ತೋರಿಸಬೇಕು. ಎಲ್ಲವನ್ನೂ ತೆಗೆದು ಬರೀ ನೀರು ಮಾಡಿಕೊಂಡು, ಆಮೇಲೆ ನಮಗೆ ಬೇಕಾದ್ದನ್ನು ನಾವೇ ಸೇರಿಸುವುದು.

ಸೇರಿಸುವ ಉಪ್ಪು ಅಡುಗೆಮನೆಯದಲ್ಲ. ಸಮುದ್ರದ ಉಪ್ಪಿನಲ್ಲಿ ನೂರಕ್ಕೆ ಸುಮಾರು 85 ಭಾಗ ಸೋಡಿಯಂ ಮತ್ತು ಕ್ಲೋರೈಡ್. ಹವಳಕ್ಕೆ ಬೇಕಾದದ್ದು ಹೆಚ್ಚಾಗಿ ಉಳಿದ 15 ಭಾಗದಲ್ಲಿದೆ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬನೇಟ್ ಎಲ್ಲ ಅಲ್ಲೇ. ಅದಕ್ಕೆಂದೇ ಮಾಡಿದ ಮಿಶ್ರಣ ಸಿಗುತ್ತದೆ. ಮೊದಲ ಸಲ ಟ್ಯಾಂಕ್ ತುಂಬಿಸಲು ನನಗೆ ಆರು ಕೆಜಿ ಹತ್ತಿರ ಬೇಕಾಯಿತು. ಒಂದು ಎಚ್ಚರ ಇದೆ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಸುರಿದರೆ ತಳದಲ್ಲಿ ನೀರು ವಿಪರೀತ ಗಟ್ಟಿಯಾಗಿ, ಕ್ಯಾಲ್ಸಿಯಂ ಸುಣ್ಣದ ಹಾಗೆ ಬಿಳಿಯಾಗಿ ಕೂತುಬಿಡುತ್ತದೆ. ಮತ್ತೆ ಕರಗುವುದಿಲ್ಲ.

ಇಷ್ಟೆಲ್ಲ ಓದಿಕೊಂಡೇ ಮಾಡಿದ್ದೆ. ಆದರೂ ಎರಡನೇ ವಾರದಲ್ಲೇ ಎಡವಟ್ಟು ಮಾಡಿದೆ.

ಟ್ಯಾಂಕಿನ ನೀರು ದಿನಾ ಆವಿಯಾಗುತ್ತದೆ. ನನ್ನದರಲ್ಲಿ ದಿನಕ್ಕೆ ಎರಡು ಲೀಟರ್ ಹೋಗುತ್ತಿತ್ತು. ಕಡಿಮೆಯಾದಷ್ಟು ತುಂಬಿಸಬೇಕಲ್ಲ, ಬಕೆಟ್‌ನಲ್ಲಿ ಕಲಸಿಟ್ಟ ಉಪ್ಪುನೀರನ್ನೇ ತುಂಬಿಸಿದೆ. ಹತ್ತು ದಿನ. ಸುಮ್ನೆ ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನಾನು ದಿನಾ 70 ಗ್ರಾಂ ಉಪ್ಪು ಹೆಚ್ಚಿಗೆ ಸೇರಿಸುತ್ತಿದ್ದೆ. ಹತ್ತು ದಿನಕ್ಕೆ 700 ಗ್ರಾಂ. 35 ಇರಬೇಕಾದದ್ದು 39 ದಾಟಿತ್ತು. ಒಳಗೆ ಮೀನು ಇರಲಿಲ್ಲ, ಬಚಾವಾದೆ. ಆವಿಯಾದ ಜಾಗಕ್ಕೆ ಸಿಹಿನೀರು. ಕೊಳೆ ನೀರು ತೆಗೆದು ಬದಲಾಯಿಸುವಾಗ ಮಾತ್ರ ಉಪ್ಪುನೀರು. ಇದನ್ನು ದೊಡ್ಡಕ್ಷರದಲ್ಲಿ ಬರೆದು ಟ್ಯಾಂಕಿನ ಸ್ಟ್ಯಾಂಡಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಈಗ ಆ ಕೆಲಸಕ್ಕೆ ಒಂದು ಸಣ್ಣ ಸೆನ್ಸರ್, ಸಣ್ಣ ಪಂಪ್ ಇದೆ. ಮಟ್ಟ ಇಳಿದ ಕೂಡಲೇ ಒಂದು ಲೋಟದಷ್ಟು ಸಿಹಿನೀರನ್ನು ಅದೇ ಬಿಡುತ್ತದೆ. ಕೊಂಡ ಸಾಮಾನುಗಳಲ್ಲಿ ಯಾವುದು ಹೆಚ್ಚು ಉಪಯೋಗಕ್ಕೆ ಬಂತು ಅಂತ ಯಾರಾದರೂ ಕೇಳಿದರೆ ಲೈಟನ್ನೂ ಹೇಳುವುದಿಲ್ಲ, ಫಿಲ್ಟರನ್ನೂ ಹೇಳುವುದಿಲ್ಲ. ಇದನ್ನೇ ಹೇಳುತ್ತೇನೆ.

ಉಪ್ಪು ಅಳೆಯುವ ಸಾಧನದ ಬಗ್ಗೆಯೂ ಒಂದು ಮಾತು. ಮುಳ್ಳು ತೇಲುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ. ಆದರೆ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೆ ಅದು ಮೇಲೇಳುತ್ತದೆ, ಇಲ್ಲದ ಉಪ್ಪನ್ನು ತೋರಿಸುತ್ತದೆ. ರಿಫ್ರಾಕ್ಟೋಮೀಟರ್ ಒಳ್ಳೆಯದು. ಅದನ್ನೂ 35ರ ಅಳತೆಯ ದ್ರಾವಣ ಹಾಕಿ ಆಗಾಗ ಸರಿಮಾಡಿಕೊಳ್ಳಬೇಕು.

ನೀರಿನ ಓಟದ ವಿಷಯಕ್ಕೆ ಬಂದಾಗಲೆಲ್ಲ ನನಗೆ ಆನಾ ಥಿನ್ ನೆನಪಾಗುತ್ತಾಳೆ. 1846ರಲ್ಲಿ ಇಂಗ್ಲೆಂಡಿನ ಟಾರ್ಕಿ ಎಂಬ ಕರಾವಳಿ ಊರಿಗೆ ಹೋಗಿದ್ದವಳು ಅಲ್ಲಿ ಪುಟ್ಟ ಬಟ್ಟಲಿನಂಥ ಹವಳಗಳನ್ನು ಕಂಡಳು. ಅವನ್ನು ಜೀವಂತವಾಗಿ ಲಂಡನ್‌ಗೆ ಒಯ್ಯಬೇಕೆನಿಸಿತು. ದಾರಿಯಲ್ಲಿ ಕುಲುಕಿ ಪೆಟ್ಟಾಗಬಾರದು ಅಂತ ಸೂಜಿ ದಾರ ತೆಗೆದುಕೊಂಡು ಅವನ್ನು ಒಂದು ದೊಡ್ಡ ಸ್ಪಂಜಿಗೆ ಹೊಲಿದಳು. ಸಮುದ್ರದ ನೀರು ತುಂಬಿದ ಜಾಡಿಯಲ್ಲಿಟ್ಟು ತಂದಳು. ಲಂಡನ್‌ನಲ್ಲಿ ಸಮುದ್ರವಿಲ್ಲ. ತರಿಸಿದ ನೀರೇ ಮತ್ತೆ ಮತ್ತೆ ಬಳಕೆಗೆ ಬರಬೇಕು. ಆಗ ಅವಳು ಕಂಡುಕೊಂಡ ಉಪಾಯ ಇದು. ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಹೊಯ್ಯುವುದು. ದಿನಾ ಅರ್ಧ, ಮುಕ್ಕಾಲು ಗಂಟೆ. ಗಾಳಿ ಬೆರೆತು ನೀರು ಮತ್ತೆ ಜೀವ ಹಿಡಿಯುತ್ತಿತ್ತು. ಆಮೇಲೆ ಕಡಲಪಾಚಿಯನ್ನೂ ತಂದು ಸೇರಿಸಿದಳು. ಹವಳಗಳು ವರ್ಷಗಟ್ಟಲೆ ಬದುಕಿದವು, ಮರಿಯೂ ಹಾಕಿದವು.

ಹೊಯ್ಯುವ ಕೆಲಸ ಮಾಡುತ್ತಿದ್ದದ್ದು ಹೆಚ್ಚಾಗಿ ಮನೆಗೆಲಸದ ಹುಡುಗಿಯಂತೆ. ಜಗತ್ತಿನ ಮೊದಲ ಏರ್ ಪಂಪ್ ಅವಳೇ ಅಂತ ನನ್ನ ಅಭಿಪ್ರಾಯ. ನನ್ನ ಟ್ಯಾಂಕಿನಲ್ಲಿ ಆ ಕೆಲಸವನ್ನು ಎರಡು ಸಣ್ಣ ಪಂಪುಗಳು ಮಾಡುತ್ತವೆ. ಗಂಟೆಗೆ ಇಡೀ ಟ್ಯಾಂಕಿನ ನೀರಿನ ಹತ್ತಿಪ್ಪತ್ತು ಪಟ್ಟನ್ನು ಕದಡುತ್ತವೆ. ಹವಳ ಕೂತಲ್ಲೇ ಕೂತಿರುವ ಪ್ರಾಣಿ. ಊಟ ಅದರ ಬಳಿಗೆ ಬರಬೇಕು, ಕಸ ತಾನಾಗಿ ದೂರ ಹೋಗಬೇಕು. ಎರಡನ್ನೂ ಮಾಡುವುದು ನೀರಿನ ಓಟ. ಒಮ್ಮೆ ಕರೆಂಟ್ ಹೋಗಿ ಮೂರು ಗಂಟೆ ಬರಲಿಲ್ಲ. ಮಗ್ಗು ಹಿಡಿದು ನೀರು ಎತ್ತಿ ಹೊಯ್ಯುತ್ತಾ ನಿಂತೆ. ಇಪ್ಪತ್ತು ನಿಮಿಷಕ್ಕೆ ತೋಳು ಬಿದ್ದುಹೋಯಿತು. ಮಾರನೆಯ ವಾರವೇ ಬ್ಯಾಟರಿ ಪಂಪ್ ತಂದೆ.

ಈಗ ಆ ಖಾಲಿ ದಿನಗಳ ಕಥೆ. ಮೀನು ಉಸಿರಾಡಿದರೂ, ತಿಂದು ವಿಸರ್ಜಿಸಿದರೂ ನೀರಿಗೆ ಅಮೋನಿಯಾ ಸೇರುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸ್ವಲ್ಪ ಇದ್ದರೆ ತೊಂದರೆಯಿಲ್ಲ. ಈ ಬ್ಯಾಕ್ಟೀರಿಯಾಗಳು ಕಲ್ಲಿನ ಮೇಲೆ, ಮರಳಿನ ಮೇಲೆ ಮನೆ ಮಾಡುವವರೆಗೆ ಮೀನು ಬಿಡುವ ಹಾಗಿಲ್ಲ. ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೋಗ್ರಾದ್‌ಸ್ಕಿ 1890ರ ಹೊತ್ತಿಗೆ ಇವನ್ನು ಬೇರ್ಪಡಿಸಿ ತೋರಿಸಿದ. ಅಮೋನಿಯಾವನ್ನೇ ಸುಟ್ಟು ಬದುಕುವ ಜೀವಿಗಳು. ಆ ಬದುಕಿನಲ್ಲಿ ಲಾಭ ಕಮ್ಮಿ, ಅದಕ್ಕೇ ಬೆಳವಣಿಗೆ ನಿಧಾನ. ನಮ್ಮ ಕರುಳಿನ ಇ. ಕೋಲಿ ಒಳ್ಳೆಯ ಸ್ಥಿತಿಯಲ್ಲಿ 20 ನಿಮಿಷಕ್ಕೆ ಎರಡರಷ್ಟಾಗುತ್ತದೆ. ಇವಕ್ಕೆ ಹಲವು ಗಂಟೆ ಬೇಕು, ಕೆಲವಕ್ಕೆ ಒಂದು ದಿನವೇ ಬೇಕು. ಇದು ಗೊತ್ತಾದ ಮೇಲೆ ಕಾಯುವುದು ಸ್ವಲ್ಪ ಸುಲಭವಾಯಿತು. ಇವು ಸೋಮಾರಿಗಳಲ್ಲ, ಬಡವರು.

ಕಲ್ಲಿನ ಉಪಾಯವನ್ನು ಹವ್ಯಾಸಿಗಳಿಗೆ ತಿಳಿಸಿಕೊಟ್ಟವನು ಇಂಡೋನೇಷ್ಯಾದ ಲೀ ಚಿನ್ ಎಂಗ್. 1961ರಲ್ಲಿ ತನ್ನ ವಿಧಾನದ ಬಗ್ಗೆ ಬರೆದ. ಸಮುದ್ರದಿಂದ ತಂದ ಜೀವಂತ ಕಲ್ಲು, ಒಂದಿಷ್ಟು ಗಾಳಿಗುಳ್ಳೆ, ಬೆಳಕು. ಹೆಚ್ಚಿನ ಯಂತ್ರ ಇಲ್ಲ. ಕಲ್ಲು ಅಂದರೆ ಸತ್ತ ಹವಳದ ಅಸ್ಥಿಪಂಜರ, ಮೈತುಂಬಾ ತೂತು. ಹೊರಮೈಯಲ್ಲಿ ಅಮೋನಿಯಾ ತಿನ್ನುವವು ಇರುತ್ತವೆ. ಒಳಗೆ ಆಮ್ಲಜನಕ ತಲುಪದ ಕಡೆ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಮುರಿದು ಬರೀ ಸಾರಜನಕ ಮಾಡಿ ಗಾಳಿಗೆ ಬಿಡುತ್ತವೆ. ಒಂದು ಕಲ್ಲಿನಲ್ಲಿ ಇಡೀ ಕಾರ್ಖಾನೆ. ನಾನು ಒಣ ಕಲ್ಲು ತಂದೆ. ಕಾರಣ ಸರಳ. ಜೀವಂತ ಕಲ್ಲಿನ ಜೊತೆ ಐಪ್ಟೇಸಿಯಾ ಎಂಬ ಕಳೆ ಅನಿಮೋನೆ, ಹೂವಿನಂತೆ ಕಾಣುವ ಕುಟುಕು ಪ್ರಾಣಿ, ಬರಬಹುದು. ಅದನ್ನು ಚಿವುಟಿದರೆ ಚೂರುಗಳೆಲ್ಲ ಹೊಸ ಗಿಡದಂತೆ ಚಿಗುರುತ್ತವೆ. ಜೊತೆಗೆ, ಬೇರೆಲ್ಲೋ ಒಂದು ಜೀವಂತ ಹವಳದ ದಿಬ್ಬದಿಂದ ಕಲ್ಲು ಕಿತ್ತು ತಂದು ನನ್ನ ಮನೆಯಲ್ಲಿಡುವುದು ಮನಸ್ಸಿಗೆ ಒಗ್ಗಲಿಲ್ಲ. ಒಣ ಕಲ್ಲಿಗೆ ಹೆಪ್ಪು ಹಾಕಬೇಕು, ಅಷ್ಟೇ. ಬಾಟಲಿಯ ಬ್ಯಾಕ್ಟೀರಿಯಾ ಹಾಕಿ, ಅವಕ್ಕೆ ಊಟವಾಗಿ 2 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಎರಡು ಭಾಗ, ಆಗುವಷ್ಟು ಅಮೋನಿಯಾ ಹಾಕಿದೆ.

ಆಮೇಲೆ ದಿನಾ ಸಂಜೆ ಪರೀಕ್ಷೆ. ಐದು ಎಂಎಲ್ ನೀರು, ಎಂಟು ಹನಿ ಔಷಧಿ, ಕುಲುಕು, ಕಾಯಿ, ಬಣ್ಣ ನೋಡು. ಹತ್ತು ದಿನ ಅಮೋನಿಯಾ ಅಲ್ಲಾಡಲಿಲ್ಲ. ಹನ್ನೆರಡನೇ ದಿನ ನೈಟ್ರೈಟ್ ತಲೆ ಎತ್ತಿತು. ಅದೊಂದು ತಿಳಿ ನೇರಳೆ ಬಣ್ಣ. ಮಗಳನ್ನು ಕೂಗಿ ತೋರಿಸಿದೆ.

"ಇದು ಒಳ್ಳೇದಾ ಕೆಟ್ಟದ್ದಾ ಅಪ್ಪಾ?"

"ಕೆಟ್ಟದ್ದು. ಆದರೆ ಒಳ್ಳೆಯ ಸುದ್ದಿ."

ಅವಳು ನನ್ನ ಮುಖ ನೋಡಿ ಹೋಂವರ್ಕ್‌ಗೆ ಹೋದಳು. 38ನೇ ದಿನ ಹಾಕಿದ ಅಮೋನಿಯಾ 24 ಗಂಟೆಯಲ್ಲಿ ಮಾಯವಾಯಿತು. ನೈಟ್ರೈಟೂ ಸೊನ್ನೆ. ಕಣ್ಣಿಗೆ ಕಾಣುವ ಬದಲಾವಣೆ ಮಾತ್ರ ಏನೂ ಇಲ್ಲ. ಅದೇ ನೀರು, ಅದೇ ಕಲ್ಲು.

ಮೀನು ಅಂದರೆ ಎರಡು ಕ್ಲೌನ್ ಮೀನು. ಸಮುದ್ರದಿಂದ ಹಿಡಿದವಲ್ಲ, ಸಾಕಣೆಯಲ್ಲೇ ಹುಟ್ಟಿದವು. ಟ್ಯಾಂಕಿನ ಕಾಲುಭಾಗವೂ ಇಲ್ಲದ ಬೋಳು ಗಾಜಿನ ಪೆಟ್ಟಿಗೆಯಲ್ಲಿ ಒಂದು ತಿಂಗಳು ಅವನ್ನು ಬೇರೆ ಇಟ್ಟಿದ್ದೆ. ಅಡಗಲು ಒಂದು ಪೈಪಿನ ತುಂಡು. ಬಿಳಿಚುಕ್ಕೆ ರೋಗ ತರುವ ಕ್ರಿಪ್ಟೋಕ್ಯಾರಿಯಾನ್ ಎಂಬ ಪರಾವಲಂಬಿ ಒಮ್ಮೆ ಮುಖ್ಯ ಟ್ಯಾಂಕ್ ಹೊಕ್ಕರೆ ಅದನ್ನು ಹೊರಹಾಕಲು ಮೀನುಗಳನ್ನೆಲ್ಲ ತೆಗೆದು ಆರರಿಂದ ಹನ್ನೊಂದು ವಾರ ಟ್ಯಾಂಕ್ ಖಾಲಿ ಬಿಡಬೇಕು. ತಾಮ್ರದ ಔಷಧಿ ಅದಕ್ಕೆ ರಾಮಬಾಣ, ಆದರೆ ಹವಳ ಬರುವ ಟ್ಯಾಂಕಿಗೆ ಆ ಔಷಧಿ ಸೋಕಿಸುವಂತೆಯೇ ಇಲ್ಲ. ಖಾಲಿ ಟ್ಯಾಂಕ್ ಕಾದವನಿಗೆ ಇನ್ನೊಂದು ತಿಂಗಳು ದೊಡ್ಡದಲ್ಲ ಅಂದುಕೊಂಡೆ. ದೊಡ್ಡದೇ ಆಗಿತ್ತು. ಇರಲಿ. ಈ ಮೀನುಗಳು ಎಲ್ಲವೂ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ನಮ್ಮ ಮನೆಯ ಜೋಡಿಯಲ್ಲಿ ಯಾರು ದೊಡ್ಡವರು ಎಂಬ ಜಗಳ ಎರಡು ವಾರ ನಡೆಯಿತು. ಈಗ ಒಂದು ಮೀನು ಇನ್ನೊಂದರ ಮುಂದೆ ಮೈ ನಡುಗಿಸಿ ಸೋಲೊಪ್ಪಿಕೊಳ್ಳುತ್ತದೆ. ಮಾತುಕತೆ ಮುಗಿದಂತಿದೆ.

ಇನ್ನು ನನ್ನ ದೊಡ್ಡ ಅವಾಂತರ. ಹೊಸ ಟ್ಯಾಂಕಿಗೆ ಒಂದು ಕೊಳಕು ಕಾಲ ಬರುತ್ತದೆ ಅಂತ ಹಳಬರೆಲ್ಲ ಹೇಳುತ್ತಾರೆ. ಮೊದಲು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಮರಳಿನ ಮೇಲೆ ಯಾರೋ ಕಂದು ಪುಡಿ ಉದುರಿಸಿದಂತೆ. ನೀರಿನ ಸಿಲಿಕೇಟ್ ತಿಂದು ಮುಗಿಸಿದ ಮೇಲೆ ಅದು ತಾನೇ ಹೋಗುತ್ತದೆ. ಆಮೇಲೆ ಹಸಿರು ಕೂದಲು ಪಾಚಿ. ನನ್ನ ಬಿಳಿ ಕಲ್ಲುಗಳಿಗೆ ಗಡ್ಡ ಬಂತು. ಬಸವನಹುಳುಗಳನ್ನು ಬಿಟ್ಟೆ, ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ. ಮೂರು ದಿನಕ್ಕೆ ಮತ್ತೆ ಗಡ್ಡ. ಪಾಚಿಗೆ ಗೊಬ್ಬರ ನೈಟ್ರೇಟ್ ಮತ್ತು ಫಾಸ್ಫೇಟ್. ಅವನ್ನೇ ಇಲ್ಲವಾಗಿಸಿದರೆ? ಫಾಸ್ಫೇಟ್ ಹೀರುವ ಕಬ್ಬಿಣದ ಹರಳು ತಂದು ಚೀಲ ತುಂಬಾ ಹಾಕಿದೆ. ಮೀನಿನ ಊಟ ಅರ್ಧ ಮಾಡಿದೆ. ಸ್ಕಿಮ್ಮರನ್ನು ಜೋರು ಮಾಡಿದೆ. ಉಪ್ಪುನೀರಿಗೆ ಸಣ್ಣ ಗುಳ್ಳೆ ಹಾಯಿಸಿ, ಗುಳ್ಳೆಗೆ ಅಂಟುವ ಜಿಡ್ಡನ್ನೆಲ್ಲ ನೊರೆ ಮಾಡಿ ಬಟ್ಟಲಿಗೆ ಉಕ್ಕಿಸುವ ಯಂತ್ರ ಅದು. ಅದರ ಬಟ್ಟಲಿನ ವಾಸನೆಯ ಬಗ್ಗೆ ಬರೆಯುವುದಿಲ್ಲ.

ಎರಡು ವಾರಕ್ಕೆ ಎರಡೂ ಅಳತೆ ಸೊನ್ನೆ. ಪಾಚಿ ಸೊರಗಿತು. ನಾನು ಬೀಗಿದೆ. ಮೂರನೇ ವಾರ ಮರಳಿನ ಮೇಲೆ ಕಂದು ಲೋಳೆ ಕಂಡಿತು. ಸಿಂಬಳದ ಹಾಗೆ ಎಳೆ ಎಳೆ, ಎಳೆಯ ತುದಿಯಲ್ಲಿ ಗಾಳಿಗುಳ್ಳೆ. ಬೆಳಿಗ್ಗೆ ಕಮ್ಮಿ, ಸಂಜೆ ಹೊತ್ತಿಗೆ ಇಡೀ ಮರಳು ಮುಚ್ಚುತ್ತಿತ್ತು. ಹೀರಿ ತೆಗೆದರೆ ಮಾರನೇ ದಿನ ಮತ್ತೆ ಹಾಜರು. ಡಯಾಟಮ್ ವಾಪಸ್ ಬಂತು ಅಂದುಕೊಂಡು ಇನ್ನಷ್ಟು ಚೊಕ್ಕಟ ಮಾಡಿದೆ. ಇನ್ನಷ್ಟು ಬಂತು. ಬಸವನಹುಳುಗಳು ಒಂದೊಂದಾಗಿ ಮಗುಚಿ ಬಿದ್ದವು. ಏಳು ಸತ್ತವು.

ಅದು ಡೈನೋಫ್ಲಾಜೆಲೇಟ್ ಎಂಬ ಒಂದೇ ಕೋಶದ ಸೂಕ್ಷ್ಮಜೀವಿ. ಪಾಚಿ, ಬ್ಯಾಕ್ಟೀರಿಯಾ ಎಲ್ಲ ಹಸಿದು ಬಿದ್ದಾಗ ತೆರವಾದ ಜಾಗವನ್ನು ಆಕ್ರಮಿಸುವ ಜಾತಿ. ಕೆಲವು ಬಗೆಗಳು ವಿಷವನ್ನೂ ಉಗುಳುತ್ತವೆ. ಟ್ಯಾಂಕಿಗೆ ರೋಗ ಬರಲಿಲ್ಲ, ನಾನೇ ತಂದುಹಾಕಿದೆ. ಹಸಿರು ಗಡ್ಡವನ್ನು ಅದರ ಪಾಡಿಗೆ ಬಿಟ್ಟು, ಹುಳುಗಳು ತಮ್ಮ ಕೆಲಸ ಮಾಡುವವರೆಗೆ ಕೈಕಟ್ಟಿ ಕೂತಿದ್ದರೆ ಒಂದೆರಡು ತಿಂಗಳಲ್ಲಿ ಮುಗಿಯುತ್ತಿತ್ತು. ಚೊಕ್ಕಟವೇ ಆರೋಗ್ಯ ಅನ್ನುವ ಮನೆಯ ಬುದ್ಧಿಯನ್ನು ಸಮುದ್ರಕ್ಕೆ ಹಚ್ಚಿದೆ.

ಮದ್ದು ಕೇಳಿದರೆ ನಗು ಬರುತ್ತದೆ. ಕೊಳೆ ಹೆಚ್ಚಿಸಬೇಕು. ಕಬ್ಬಿಣದ ಹರಳು ಎಸೆದೆ. ಮೀನಿಗೆ ಹೊಟ್ಟೆತುಂಬಾ ಹಾಕಿದೆ. ನೈಟ್ರೇಟನ್ನು ಹನಿ ಹನಿಯಾಗಿ ಹಾಕಿ 5 ಪಿಪಿಎಂಗೆ ತಂದೆ, ಫಾಸ್ಫೇಟನ್ನು 0.05ರ ಹತ್ತಿರ ಹಿಡಿದೆ. ಮೂರು ದಿನ ಟ್ಯಾಂಕಿಗೆ ಕಂಬಳಿ ಹೊದಿಸಿ ಕತ್ತಲಲ್ಲಿಟ್ಟೆ. ಯುವಿ ದೀಪದ ಕೊಳವೆ ಜೋಡಿಸಿದೆ. ಎಂಟು ವಾರ ಹಿಡಿಯಿತು. ಮೊದಲು ಮರಳಿನ ಒಂದು ಮೂಲೆ ಬೆಳ್ಳಗೆ ಉಳಿಯಿತು. ಆಮೇಲೆ ಗಾಜಿನ ಮೇಲೆ ತೆಳ್ಳಗೆ ಹಸಿರು ಪಾಚಿ ಕಂಡಿತು. ಮೂರು ತಿಂಗಳ ಹಿಂದೆ ಯಾವುದನ್ನು ಕಂಡರೆ ಉರಿದುಬೀಳುತ್ತಿದ್ದೆನೋ ಅದನ್ನೇ ನೋಡಿ ಖುಷಿಯಾಯಿತು.

ಆಗ ನನಗೆ ನಾನೇ ಒಂದು ಕಟ್ಟಳೆ ಹಾಕಿಕೊಂಡೆ. ಗಾಜು ಸೋರಿದರೆ, ಹೀಟರ್ ಕೆಟ್ಟರೆ, ಅಮೋನಿಯಾ ಕಂಡರೆ ತಕ್ಷಣ ಕೈ ಹಾಕಬಹುದು. ಬೇರೆ ಏನೇ ಕಂಡರೂ ಪುಸ್ತಕದಲ್ಲಿ ಬರೆಯಬೇಕು, ಒಂದು ವಾರ ಬಿಟ್ಟು ಮತ್ತೆ ನೋಡಬೇಕು. ಪುಸ್ತಕ ತಿರುಗಿಸಿದರೆ ಗೊತ್ತಾಗುತ್ತದೆ, ಬರೆದಿಟ್ಟ ಹನ್ನೊಂದು ಗಾಬರಿಗಳಲ್ಲಿ ಒಂಬತ್ತು ವಾರದೊಳಗೆ ತಾವಾಗಿಯೇ ಇಲ್ಲವಾಗಿವೆ. ಹತ್ತನೆಯದು ನಿಜವಾದ ತೊಂದರೆ. ಹನ್ನೊಂದನೆಯದು ಮರಳಿನಿಂದ ರಾತ್ರಿ ತಲೆ ಎತ್ತುವ ಒಂದು ರೋಮದ ಹುಳು. ಅದು ಮರಳಿನ ಕಸ ತಿನ್ನುವ ಸಾಧು ಪ್ರಾಣಿ ಅಂತ ಆಮೇಲೆ ಗೊತ್ತಾಯಿತು. ಬರಿಗೈಲಿ ಮುಟ್ಟಬಾರದು, ಅಷ್ಟೇ. ರೋಮ ಚುಚ್ಚುತ್ತದೆ.

ಹವಳಕ್ಕೆ ಬರೋಣ. ಹವಳ ಅಂದರೆ ನಮ್ಮ ಮನಸ್ಸಿಗೆ ಮೊದಲು ಬರುವುದು ಕೆಂಪು ಮಣಿ. ಕೆಲವರಿಗೆ ಗಿಡ. ಪಂಡಿತರಿಗೂ ಅದು ಬಹಳ ಕಾಲ ಗಿಡವೇ ಆಗಿತ್ತು. 18ನೇ ಶತಮಾನದ ಮೊದಲ ಭಾಗದಲ್ಲಿ ಫ್ರಾನ್ಸಿನ ವೈದ್ಯ ಪೆಸ್ಸೊನೆಲ್ ಅದು ಪ್ರಾಣಿ ಅಂದಾಗ ಅಲ್ಲಿನ ವಿಜ್ಞಾನ ಅಕಾಡೆಮಿಯ ದೊಡ್ಡವರು ಒಪ್ಪಲಿಲ್ಲ. ಪಾಪ, ಅವರದ್ದೂ ಪೂರ್ತಿ ತಪ್ಪಲ್ಲ. ದಿಬ್ಬ ಕಟ್ಟುವ ಹವಳದ ಮೈಯೊಳಗೆ ಒಂದು ಬಗೆಯ ಸೂಕ್ಷ್ಮ ಪಾಚಿ ವಾಸವಾಗಿರುತ್ತದೆ. ಬಿಸಿಲಲ್ಲಿ ಅದು ಅಡುಗೆ ಮಾಡುತ್ತದೆ, ಹವಳ ಉಣ್ಣುತ್ತದೆ. ಬೇಕಾದ ಶಕ್ತಿಯ ಬಹುಪಾಲು ಹೀಗೇ ಬರುತ್ತದೆ. ಬೇಸಿಗೆಯ ಮಾಮೂಲು ಸೆಖೆಗಿಂತ ಒಂದೇ ಡಿಗ್ರಿ ಜಾಸ್ತಿ ಕೆಲವು ವಾರ ನಿಂತರೂ ಸಾಕು, ಈ ಸಂಸಾರ ಮುರಿಯುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಂಡು ಹಸಿಯುತ್ತದೆ. ಆ ಪಾಚಿ ಯಾವ ಕುಲದ್ದು ಗೊತ್ತಾ? ಡೈನೋಫ್ಲಾಜೆಲೇಟ್. ನನ್ನ ಏಳು ಬಸವನಹುಳು ತಿಂದವನ ನೆಂಟ. ಇದನ್ನು ಓದಿದ ದಿನ ರಾತ್ರಿ ಸುಮಾರು ಹೊತ್ತು ಟ್ಯಾಂಕಿನ ಮುಂದೆ ಕೂತಿದ್ದೆ.

ನನ್ನ ಯೋಜನೆ ಇಷ್ಟು. ಮೊದಲು ಮೆತ್ತನೆಯ ಹವಳ. ಅಣಬೆ ಹವಳ ಎರಡು, ಒಂದು ಲೆದರ್. ಇವಕ್ಕೆ ಗಟ್ಟಿ ಎಲುಬಿನ ಗೂಡಿಲ್ಲ, ಸ್ವಲ್ಪ ಕೊಳೆ ನೀರೂ ಇವಕ್ಕೆ ಇಷ್ಟ. ಹಸಿರು ನಕ್ಷತ್ರದ ಹಾಗೆ ಅರಳುವ ಸ್ಟಾರ್ ಪಾಲಿಪ್ ಬಲು ಚೆಂದ. ಆದರೆ ಅದು ಗರಿಕೆಯ ಹಾಗೆ ಹಬ್ಬುತ್ತದೆ. ಅದಕ್ಕೆಂದು ಮರಳಿನ ನಡುವೆ ಒಂಟಿ ಕಲ್ಲೊಂದನ್ನು ದ್ವೀಪ ಮಾಡಿಟ್ಟಿದ್ದೇನೆ. ಝೋವಾಂಥಿಡ್ ಎಲ್ಲರೂ ಮೊದಲು ತರುವ ಹವಳ, ಬಣ್ಣದ ಗುಂಡಿಗಳ ಹಾಗೆ. ಅದನ್ನು ಸದ್ಯಕ್ಕೆ ತರುತ್ತಿಲ್ಲ. ಅದರ ಬಳಗದ ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಇದೆ. ಪ್ರಕೃತಿಯಲ್ಲಿರುವ ಅತಿ ಕಟುವಾದ ವಿಷಗಳಲ್ಲಿ ಅದೂ ಒಂದು. ಬಿಸಿನೀರು ಸುರಿದು ಅಥವಾ ಕುದಿಸಿ ಕಲ್ಲು ತೊಳೆಯಲು ಹೋಗಿ ಆ ಆವಿ ಕುಡಿದು ಆಸ್ಪತ್ರೆ ಸೇರಿದ ಮನೆಯವರಿದ್ದಾರೆ. ಎಲ್ಲವನ್ನೂ ಮುಟ್ಟಿ ನೋಡುವ ಮಗಳಿರುವ ಮನೆ ನನ್ನದು.

ಆಮೇಲೆ, ಎಲ್ಲ ಸರಿಯಿದ್ದರೆ, ಸುತ್ತಿಗೆ ಹವಳ. ಹ್ಯಾಮರ್ ಅಂತಾರೆ. ನೀರಿನ ಓಟಕ್ಕೆ ತೂಗುವ ದಪ್ಪ ಬೆರಳುಗಳು, ತುದಿಯಲ್ಲಿ ಸುತ್ತಿಗೆಯ ಆಕಾರ. ಈ ಟ್ಯಾಂಕ್ ಹುಟ್ಟಿದ್ದೇ ಅದರಿಂದ. ಇದು ಸುಣ್ಣದ ಗೂಡು ಕಟ್ಟುವ ಜಾತಿ. ಅದಕ್ಕೆ ಕ್ಯಾಲ್ಸಿಯಂ 420 ಪಿಪಿಎಂ ಹತ್ತಿರ, ಮೆಗ್ನೀಸಿಯಂ 1300ರ ಹತ್ತಿರ ಬೇಕು. ಆಲ್ಕಲಿನಿಟಿ, ಅಂದರೆ ಹೆಚ್ಚಾಗಿ ನೀರಿನ ಬೈಕಾರ್ಬನೇಟಿನ ಅಳತೆ, 8 ಡಿಕೆಎಚ್ ಬೇಕು. ಡಿಕೆಎಚ್ ಅಂದರೆ ಅದರ ಮಾಪನ. ಆಲ್ಕಲಿನಿಟಿ 7.5 ಇದ್ದರೂ ನಡೆಯುತ್ತದೆ, 9 ಇದ್ದರೂ ನಡೆಯುತ್ತದೆ. ಇವತ್ತು 7.5, ನಾಳೆ 9 ಆದರೆ ಮಾತ್ರ ನಡೆಯುವುದಿಲ್ಲ. ಅದಕ್ಕೇ ಹವಳ ಬರುವ ಮೊದಲೇ ವಾರಕ್ಕೆ ಎರಡು ಸಲ ಅಳೆದು ಬರೆಯುತ್ತಿದ್ದೇನೆ. ಕಳೆದ ಏಳು ವಾರ 8.0 ಮತ್ತು 8.4ರ ನಡುವೆ ನಿಂತಿದೆ. ನನ್ನ ಬದುಕಿನಲ್ಲಿ ಇಷ್ಟು ಅಲುಗಾಡದ ಅಂಕಿ ಬೇರೆ ಇಲ್ಲ.

ಕಲ್ಲಿನ ಹವಳಗಳೆಲ್ಲ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ದೇಶದಿಂದ ದೇಶಕ್ಕೆ ಹೋಗಲು ಕಾಗದಪತ್ರ ಬೇಕು. ಕೆಲವು ದೇಶಗಳ ಕಾನೂನು ಅದಕ್ಕಿಂತ ಬಿಗಿ. ಹಾಗಾಗಿ ಟ್ಯಾಂಕಿಗೆ ಮೊದಲು ಕಾನೂನು ಓದಿಕೊಳ್ಳುವುದು ಒಳ್ಳೆಯದು. ನಾನು ತರುವುದು ಇನ್ನೊಬ್ಬ ಸಾಕಣೆದಾರರ ಹವಳದಿಂದ ಕತ್ತರಿಸಿದ ಸಸಿಯನ್ನು. ಹೆಬ್ಬೆರಳಷ್ಟು ತುಂಡು, ಕೆಳಗೆ ಒಂದು ಬಿಲ್ಲೆ. ತಾಯಿ ಹವಳದ ಗಾಯ ಕೆಲವೇ ವಾರಗಳಲ್ಲಿ ಮಾಯುತ್ತದೆ. ತಂದ ತುಂಡನ್ನು ಔಷಧಿ ನೀರಿನಲ್ಲಿ ಅದ್ದಿ, ಅಂಟಿ ಬಂದ ಹುಳ ಹುಪ್ಪಟೆಗಳನ್ನು ಉದುರಿಸಿ, ಮೊದಲು ತಗ್ಗಿನಲ್ಲಿ ಮಂದ ಬೆಳಕಿಗಿಟ್ಟು, ನಿಧಾನಕ್ಕೆ ಮೇಲೇರಿಸಬೇಕು. ಜಾಗವನ್ನೂ ಬಿಟ್ಟುಕೊಟ್ಟಿರಬೇಕು. ಎಷ್ಟೋ ಹವಳಗಳು ಹಗಲು ಸುಮ್ಮನಿದ್ದು ರಾತ್ರಿ ಉದ್ದನೆಯ ಕುಟುಕು ಎಳೆಗಳನ್ನು ಚಾಚಿ ಪಕ್ಕದ ಮನೆಯವರನ್ನು ಸುಡುತ್ತವೆ. ಆಕ್ರೋಪೊರಾದಂಥ ಕವಲು ಹವಳಗಳ ಮಾತು ಈಗ ಬೇಡ. ಒಂದು ವರ್ಷ ಅವುಗಳ ಫೋಟೋ ಕೂಡ ನೋಡುವುದಿಲ್ಲ ಅಂತ ಮನೆಯಲ್ಲಿ ಒಪ್ಪಂದವಾಗಿದೆ.

ಹೋದ ವಾರ ಹಿಂದಿನ ಪಂಪಿನ ಅಂಚಿನಲ್ಲಿ ಸಾಸಿವೆಯಷ್ಟು ನೇರಳೆ ಚುಕ್ಕೆ ಕಂಡೆ. ಉಜ್ಜಿದರೂ ಹೋಗಲಿಲ್ಲ. ಕೋರಲೈನ್ ಪಾಚಿ. ಹವಳದ ಹಾಗೆ ಅದೂ ಸುಣ್ಣ ಕಟ್ಟಿಕೊಂಡು ಕಲ್ಲಿಗೆ ಬಣ್ಣ ಬಳಿಯುತ್ತದೆ. ಅದು ಬೆಳೆಯುವ ನೀರಿನಲ್ಲಿ ಹವಳವೂ ಬೆಳೆಯಬಹುದು ಅಂತ ಲೆಕ್ಕ. ಇವತ್ತು ಎಣಿಸಿದಾಗ ಹದಿನಾಲ್ಕು ಚುಕ್ಕೆಗಳಿದ್ದವು. ಅಣಬೆ ಹವಳಗಳಿಗೆ ಹೇಳಿಯಾಗಿದೆ. ಮುಂದಿನ ತಿಂಗಳ ಮೊದಲ ವಾರ ಬರುತ್ತವೆ.

ಸುತ್ತಿಗೆ ಹವಳಕ್ಕೆ ಎಡಗಡೆಯ ದೊಡ್ಡ ಕಲ್ಲಿನ ನೆತ್ತಿಯಲ್ಲಿ ಒಂದು ಚಪ್ಪಟೆ ಜಾಗ ಗುರುತಿಸಿ ಇಟ್ಟಿದ್ದೇನೆ. ಓಟ ಹದವಾಗಿದೆ, ಬೆಳಕು ಹದವಾಗಿದೆ, ಅಕ್ಕಪಕ್ಕ ಒಂದು ಗೇಣು ಖಾಲಿ. ದಿನಾ ಸಂಜೆ ದೀಪ ಮಂಕಾಗುವ ಹೊತ್ತಿಗೆ, ಉಳಿದ ಬಸವನಹುಳುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮರಳಿನಿಂದ ಹೊರಟು, ಮುಕ್ಕಾಲು ಗಂಟೆ ಕಲ್ಲು ಹತ್ತಿ, ಸರಿಯಾಗಿ ಅಲ್ಲೇ ಹೋಗಿ ಕೂರುತ್ತದೆ.